ಹೊಗಳಿಕೆಯ ಬಾಲ

೬ ಜನವರಿ

ಅಪ್ಪ,

ಫೋನಿನಲ್ಲಿ ನಾನು ಏನು ಹೇಳಿದರೂ ಡಬ್ಬಿಯೊಳಗೆ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ ಎನ್ನುತ್ತೀಯ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅಕ್ಷರ ತಪ್ಪುಗಳು ಕಣ್ಣಿಗೆ ಚುಚ್ಚುತ್ತವೆ ಎನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ವಾಪಸು ಕಳಿಸಬೇಡ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದಿಂದ ನೀನು ನಿವೃತ್ತನಾಗಿದ್ದೀಯ, ನಾನು ಕರಡಲ್ಲ, ಮಗಳು.

ಮೇ ತಿಂಗಳಲ್ಲಿ ನನಗೆ ಎರಡನೆಯ ಮಗು ಹುಟ್ಟಲಿದೆ. ಇವರ ಹಡಗು ಆಗ ಎಲ್ಲೋ ನಡುನೀರಿನಲ್ಲಿರುತ್ತದೆ. ಇಂಜಿನ್ ಮೆಕ್ಯಾನಿಕ್ ಒಬ್ಬನ ಹೆಂಡತಿ ಹೆರುತ್ತಾಳೆಂದು ಹಡಗು ನಿಲ್ಲುವುದಿಲ್ಲ. ನಾನು ಆಸ್ಪತ್ರೆಯಲ್ಲಿರುವಾಗ ಸದಾ ನೆಗೆಯುತ್ತಿರುವ ನಿನ್ನ ಮೊಮ್ಮಗಳನ್ನು, ನಮ್ಮ ಮಿಡತೆಯನ್ನು ಯಾರಾದರೂ ನೋಡಿಕೊಳ್ಳಬೇಕು. ನನ್ನ ನಾದಿನಿ ಆಗಲೇ ಸಿದ್ಧವಾಗಿ ನಿಂತಿದ್ದಾಳೆ. "ನನ್ ಹತ್ರ ಒಂದು ವಾರ ಬಿಡು, ಸೊಂಟ ಮುರ್ದು ಕೂರಿಸ್ತೀನಿ" ಅಂದಳು. ನಗುತ್ತಾ ಅಂದಳು, ಆದರೆ ತಮಾಷೆಗಲ್ಲ.

ಇನ್ನೊಬ್ಬ ಅಂದರೆ ನೀನು. ನಿನ್ನ ವಿಷಯವೂ ಹೇಳಿಬಿಡುತ್ತೇನೆ. ಕಳೆದ ಸಲ ನಾವು ಬಂದಾಗ ನಿನ್ನ ಹಳೆಯ ಅಚ್ಚಿನ ಮೊಳೆಗಳ ಪೆಟ್ಟಿಗೆ ಮಿಡತೆಯ ಕೈ ತಾಗಿ ಬಿತ್ತು. ನೀನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. "ಈ ಹುಡುಗಿಗೆ ಏನಾಗಿದೆ?" ಅಂತ ಕೇಳಿದೆ. ನಾನು ಉತ್ತರ ಕೊಡದೆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ಉತ್ತರ ನನಗೂ ಆಗ ಗೊತ್ತಿರಲಿಲ್ಲ.

ಈಗ ಗೊತ್ತಾಗಿದೆ. ಮಕ್ಕಳ ಡಾಕ್ಟರು ಅವಳನ್ನು ಹಲವು ಸಲ ನೋಡಿ, ಶಾಲೆಯ ಟೀಚರ ಹತ್ತಿರವೂ ಕೇಳಿ ತಿಳಿದುಕೊಂಡು ಹೇಳಿದರು: ಎಡಿಎಚ್‌ಡಿ. ಅಂದರೆ ಗಮನ ಕೊರತೆ, ಅತಿಯಾದ ಚಟುವಟಿಕೆ. ಹಟವಲ್ಲ, ಪೊಗರಲ್ಲ, ನಾನು ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಇಷ್ಟು ಚಿಕ್ಕವರಿಗೆ ಮೊದಲೇ ಔಷಧಿ ಬರೆಯುವುದಿಲ್ಲವಂತೆ. ಮುಂದೆ ಬೇಕಾದರೆ ಆಗ ಯೋಚಿಸೋಣ, ಮೊದಲು ಮನೆಯ ದೊಡ್ಡವರು ತರಬೇತಿಗೆ ಬನ್ನಿ ಎಂದರು. ಹೋಗುತ್ತಿದ್ದೇನೆ.

ಈ ತರಬೇತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಎಲ್ಲರೂ ಒಂದೇ ರೀತಿ ನಡೆಸಬೇಕು. ನಾನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಇನ್ನೊಬ್ಬರು ಒಂದು ವಾರದಲ್ಲಿ ಕೆಡವಬಹುದು. ಆದ್ದರಿಂದ ಕೇಳುತ್ತಿದ್ದೇನೆ. ಕಲಿಯುತ್ತೀಯಾ? ಏಪ್ರಿಲ್ ಹೊತ್ತಿಗೆ ನೀನು ಕಲಿತಿದ್ದರೆ ಅವಳು ನಿನ್ನ ಹತ್ತಿರ ಇರುತ್ತಾಳೆ. ಇಲ್ಲವಾದರೆ ಏನು ಮಾಡುತ್ತೇನೋ ನನಗೆ ತಿಳಿಯದು, ಆದರೆ ನಿನ್ನ ಹತ್ತಿರ ಬಿಡುವುದಿಲ್ಲ.

ನಿನ್ನ ಮಗಳು


೧೫ ಜನವರಿ

ಮಗಳೇ,

ಕಾಗದ ತಿದ್ದಿಲ್ಲ. ಎರಡನೆಯ ಪುಟದಲ್ಲಿ 'ಗಮನ ಕೊರತೆ' ಎಂದಿದೆ, 'ಗಮನದ ಕೊರತೆ' ಆಗಬೇಕು. ಇದು ತಿದ್ದುವುದಲ್ಲ, ತಿಳಿಸುವುದು.

ಮಗುವಿನ ಸುದ್ದಿ ಓದಿ ಸಂತೋಷವಾಯಿತು. ಮೊದಲು ಅದನ್ನೇ ಬರೆಯಬೇಕಿತ್ತು. ಕೈ ಅಭ್ಯಾಸದಂತೆ ತಪ್ಪಿನ ಕಡೆಗೇ ಓಡಿತು.

ಅಲ್ಲಮ್ಮಾ, ಕುಣಿಯುವವಳು ಅವಳು, ತರಬೇತಿ ನಮಗಾ? ಜ್ವರ ಒಬ್ಬರಿಗೆ ಬಂದರೆ ಮಾತ್ರೆ ಇನ್ನೊಬ್ಬರು ನುಂಗಿದ ಹಾಗಾಯಿತು. ಇನ್ನು ಗಮನದ ಕೊರತೆಯ ಮಾತು. ನಮ್ಮ ಮೆಟ್ಟಿಲಿನ ಗೋಡೆಯ ಮೇಲೆ ಒಂದು ಇರುವೆ ಹೊರಟಿದ್ದನ್ನು ಆ ಹುಡುಗಿ ಕೆಳಗಿನಿಂದ ಮಹಡಿಯ ತನಕ ಹಿಂಬಾಲಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಾನು ಊಟಕ್ಕೆ ಕರೆದದ್ದು ಅವಳ ಕಿವಿಗೇ ಬೀಳಲಿಲ್ಲ. ಅದು ಗಮನವಲ್ಲದೆ ಮತ್ತೇನು?

ನಿನ್ನನ್ನು ನಾನು ಬೆಳೆಸಲಿಲ್ಲವೇ? ಕೂಗಿದೆ, ಗದರಿದೆ. ನೀನು ಕೆಟ್ಟುಹೋದೆಯಾ? ಕನ್ನಡಕದ ಅಂಗಡಿಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಗಾಜು ಕೂರಿಸುತ್ತೀಯ.

ಇರಲಿ. ಸೊಂಟ ಮುರಿಯುವವಳ ಹತ್ತಿರ ನನ್ನ ಮೊಮ್ಮಗಳು ಹೋಗಕೂಡದು. ಏನು ಕಲಿಯಬೇಕೋ ಬರೆ.

ಅಪ್ಪ


೨ ಫೆಬ್ರವರಿ

ಅಪ್ಪ,

ಇರುವೆಯ ವಿಷಯ ನಾನು ಡಾಕ್ಟರಿಗೆ ಹೇಳಿದೆ. ಅವರು ನಕ್ಕರು. ಗಮನ ಇಲ್ಲವೆಂದಲ್ಲ, ಬೇಕೆಂದ ಕಡೆ ತಿರುಗಿಸುವ ಚುಕ್ಕಾಣಿ ಅವಳಲ್ಲಿ ಇನ್ನೂ ಬಲಿತಿಲ್ಲ ಎಂದರು. ಆದ್ದರಿಂದ ನೀನು ಹೇಳಿದ್ದೂ ಸರಿ. ಇದನ್ನು ಓದಿ ಬೀಗಬೇಡ.

ನಮ್ಮ ತರಬೇತಿ ಲೈಬ್ರರಿಯ ಮೇಲಿನ ಕೋಣೆಯಲ್ಲಿ. ಕುರ್ಚಿಗಳು ಮಕ್ಕಳವು, ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ನನ್ನ ಹೊಟ್ಟೆ ಇಟ್ಟುಕೊಂಡು ಏಳುವಾಗ ಇಬ್ಬರು ಕೈ ಕೊಡಬೇಕು. ಹೇಳಿಕೊಡುವ ಮೇಡಂ ಭಾಷಣ ಮಾಡುವುದಿಲ್ಲ, ನಾಟಕ ಆಡಿಸುತ್ತಾಳೆ. ಒಬ್ಬರು ಮಗು, ಇನ್ನೊಬ್ಬರು ತಾಯಿ. ಬಾಗಿಲಿನಷ್ಟು ಅಗಲವಿರುವ ಬೇಕರಿಯವನೊಬ್ಬ ಮಗುವಾಗಿ ಮೇಜಿನ ಕೆಳಗೆ ಸೇರಿಕೊಂಡು "ಬರಲ್ಲಾ!" ಎಂದು ಅರಚಿದ. ಅವನನ್ನು ಹೊರಗೆ ಬರಿಸುವುದು ನನ್ನ ಪಾಲಿಗೆ ಬಂತು.

ಮೊದಲ ಪಾಠ: ದೂರದಿಂದ ಕೂಗಬಾರದು. ಹತ್ತಿರ ಹೋಗಿ, ಅವಳ ಎತ್ತರಕ್ಕೆ ಬಗ್ಗಿ, ಕಣ್ಣು ಸೇರಿದ ಮೇಲೆ ಮಾತು. ಒಂದು ಸಲಕ್ಕೆ ಒಂದೇ ಕೆಲಸ. "ಹಲ್ಲುಜ್ಜಿ ಬಟ್ಟೆ ಹಾಕ್ಕೊಂಡು ಬ್ಯಾಗ್ ತಗೊಂಡು ಬಾ" ಅಂದರೆ ಅವಳ ತಲೆಯಲ್ಲಿ ಕೊನೆಯ 'ಬಾ' ಮಾತ್ರ ಉಳಿದಿರುತ್ತದೆ. ಬೆಳಗಿನ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದ್ದೇನೆ. ಈಗ ಅವಳು ನನ್ನ ಬಾಯಿ ನೋಡುವುದಿಲ್ಲ, ಗೋಡೆ ನೋಡುತ್ತಾಳೆ. ಎರಡನೆಯದು, ಮಾಡಬಾರದ್ದನ್ನು ಹೇಳಬೇಡ, ಮಾಡಬೇಕಾದ್ದನ್ನು ಹೇಳು. 'ಓಡಬೇಡ' ಅಲ್ಲ, 'ನನ್ನ ಕೈ ಹಿಡ್ಕೊಂಡು ನಡಿ'. ಮೂರನೆಯದು, ಅವಳು ಸರಿಯಾಗಿ ಮಾಡಿದ್ದನ್ನು ಆ ಕ್ಷಣವೇ ಹಿಡಿದು, ಏನು ಮಾಡಿದಳೆಂದು ಹೆಸರಿಟ್ಟು ಹೊಗಳಬೇಕು. ಬರೀ 'ಜಾಣೆ' ಅಂದರೆ ಸಾಲದು. 'ಶೂ ನೀನೇ ಹಾಕ್ಕೊಂಡೆ!' ಅನ್ನಬೇಕು.

ಇನ್ನೊಂದಿದೆ, ಅದು ನಿನಗೆ ಎಲ್ಲಕ್ಕಿಂತ ಕಷ್ಟ. ದಿನಕ್ಕೆ ಸ್ವಲ್ಪ ಹೊತ್ತು ಅವಳ ಜೊತೆ ಆಡಬೇಕು. ಆಟ ಅವಳದು. ನೀನು ಆಜ್ಞೆ ಮಾಡುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಅವಳು ಆನೆಗೆ ಹಸಿರು ಬಣ್ಣ ಹಚ್ಚಿದರೆ ಆನೆ ಹಸಿರು. ಅವಳು ನಿನಗೆ ಸಿಗುವವರೆಗೆ ಯಾರ ಮೇಲಾದರೂ ಅಭ್ಯಾಸ ಮಾಡು.

ಮಗಳು


೧೪ ಫೆಬ್ರವರಿ

ಮಗಳೇ,

ಅಭ್ಯಾಸ ಮಾಡಿದೆ. ಪರಿಣಾಮ ಹೇಳುತ್ತೇನೆ, ನಗಬೇಡ.

ಸೈಕಲ್ ರಿಪೇರಿಯವನು ನಿನಗೆ ಗೊತ್ತಲ್ಲ, ಸಂಜೆ ನನ್ನ ಜೊತೆ ಚದುರಂಗ ಆಡಲು ಬರುವವನು. ಅವನ ಮೇಲೆ ಪ್ರಯೋಗ. ಅವನು ಬಂದು ಕೂತ. ಹತ್ತಿರ ಹೋದೆ, ಕಣ್ಣಿಗೆ ಕಣ್ಣು ಸೇರಿಸಿದೆ. "ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಂದೆಯಲ್ಲ, ಭೇಷ್!" ಅಂದೆ. ಏನು ಮಾಡಿದನೆಂದು ಹೆಸರಿಟ್ಟೆ, ಆ ಕ್ಷಣದಲ್ಲೇ ಹೇಳಿದೆ, ನೀನು ಬರೆದ ಹಾಗೇ. ಅವನ ಮುಖ ಹುಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಅವನು ಒಂದು ಒಳ್ಳೆಯ ನಡೆ ನಡೆಸಿದ. "ಅಂತೂ ತಲೆ ಓಡಿಸಿದೆ!" ಅಂದೆ. ಕಾಯಿಗಳನ್ನು ಹಲಗೆಯ ಮೇಲೆ ಮಲಗಿಸಿ ಎದ್ದುಹೋದ. "ನಿನ್ ಹೊಗಳಿಕೆ ನಿನ್ ಹತ್ರಾನೇ ಇಟ್ಕೊ" ಅಂದನೆಂದು ಕಾಣುತ್ತದೆ. ಬಾಗಿಲಿನಾಚೆಯಿಂದ ಅಂದದ್ದು, ನನಗೆ ಸರಿಯಾಗಿ ಕೇಳಲಿಲ್ಲ.

ನಾಲ್ಕು ದಿನದಿಂದ ಬಂದಿಲ್ಲ. ನಿನ್ನ ಮೇಡಮ್ಮಿನ ವಿದ್ಯೆಯಲ್ಲಿ ಏನೋ ಐಬು ಇದೆ.

ಅಪ್ಪ


೨೬ ಫೆಬ್ರವರಿ

ಅಪ್ಪ,

ನಕ್ಕೆ. ಹೊಟ್ಟೆಯೊಳಗಿನದೂ ಕುಲುಕಾಡುವಷ್ಟು ನಕ್ಕೆ. ಆಮೇಲೆ ನಿನ್ನ ಕಾಗದವನ್ನು ತರಬೇತಿಗೆ ಒಯ್ದು ಎಲ್ಲರ ಮುಂದೆ ಓದಿದೆ. ಬೇಕರಿಯವನು ತಲೆ ತಗ್ಗಿಸಿ, "ನಾನೂ ಮನೇಲಿ ಹೀಗೇ ಅಂತೀನಿ" ಅಂದ. ಒಬ್ಬೊಬ್ಬರೇ ಹೌದು ಹೌದು ಎಂದರು.

ಮೇಡಂ ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದಳು: 'ಆದ್ರೂ'. ಇದು ಹೊಗಳಿಕೆಗೆ ನಾವು ಅಂಟಿಸುವ ಬಾಲ ಎಂದಳು. 'ಇವತ್ತಾದ್ರೂ ಊಟ ಮುಗಿಸಿದೆ' ಅಂದರೆ ಮಗುವಿಗೆ ಕೇಳುವುದು ಇವತ್ತಿನ ಊಟವಲ್ಲ, ನಿನ್ನೆಯ ತನಕದ ಎಲ್ಲ ಊಟಗಳ ಲೆಕ್ಕ. 'ಅಂತೂ', 'ಕೊನೆಗೂ', 'ದಿನಾ ಹೀಗೇ ಇರಬಾರ್ದಾ', ಎಲ್ಲವೂ ಅದೇ ಜಾತಿಯ ಬಾಲಗಳು. ನಮ್ಮ ಮಾತಿನಲ್ಲಿ ಇವು ಎಷ್ಟು ಸಲೀಸಾಗಿ ಬರುತ್ತವೆಂದರೆ ಬಂದದ್ದೇ ಗೊತ್ತಾಗುವುದಿಲ್ಲ. ಆ ದಿನ ಮನೆಗೆ ಬಂದು ನನ್ನ ಬಾಯಿಯನ್ನೇ ಕಾದೆ. ಸಂಜೆಯೊಳಗೆ ನಾಚಿಕೆಯಾಯಿತು.

ಆದ್ದರಿಂದ ಐಬು ವಿದ್ಯೆಯದಲ್ಲ. ಸೈಕಲ್ಲಿನವರ ಮನೆಗೆ ಹೋಗಿ ಕರೆದುಕೊಂಡು ಬಾ.

ಇಲ್ಲಿ ಈ ವಾರ ಚೆನ್ನಾಗಿರಲಿಲ್ಲ. ಶಾಲೆಯಲ್ಲಿ ಸಾಲು ಬಿಟ್ಟು ಮಿಡತೆ ಗೇಟಿನವರೆಗೂ ಓಡಿದಳು. ಆಚೆ ರಸ್ತೆ, ಅಪ್ಪ. ಕಾವಲಿನವನು ಹಿಡಿದುಕೊಂಡ. ಟೀಚರು ನನ್ನನ್ನು ಕರೆಸಿದರು. ಅವಳನ್ನು ಶಾಲೆಯಿಂದ ಕಳಿಸಿಬಿಡುತ್ತಾರೆ ಎಂದುಕೊಂಡೇ ಹೋದೆ. ಅವರು ಕೇಳಿದ್ದು ಬೇರೆ: "'ಸುಮ್ನೆ ಕೂತ್ಕೋ' ಅಂದ್ರೆ ನಿಮ್ಮ ಮಗಳಿಗೆ ಏನು ಅರ್ಥ ಆಗುತ್ತೆ ಗೊತ್ತಾ?" ಟೀಚರು ಹಾಗೆಂದಾಗ ಅವಳು, "ಸುಮ್ನೆ ಯಾಕೆ ಕೂರ್ಬೇಕು? ಏನಾದ್ರೂ ಕೆಲ್ಸಕ್ಕೆ ಕೂರ್ತೀನಿ" ಎಂದಳಂತೆ. ನಾವು ಸದ್ದಿಲ್ಲದೆ ಎನ್ನುವ ಅರ್ಥದಲ್ಲಿ ಹೇಳುತ್ತೇವೆ, ಅವಳಿಗೆ ಕಾರಣವಿಲ್ಲದೆ ಎಂದು ಕೇಳುತ್ತದೆ. ಕಾರಣವಿಲ್ಲದೆ ಕೂರಲು ನಿನಗೆ ಆಗುತ್ತದಾ?

ಈಗ ಟೀಚರು ಅವಳಿಗೆ ಕೆಲಸ ಕೊಟ್ಟಿದ್ದಾರೆ. ಮುಂದಿನ ಸಾಲಿನಲ್ಲಿ ಜಾಗ. ಪಾಠದ ನಡುವೆ ಎಲ್ಲರಿಗೂ ಕಾಗದ ಹಂಚುವುದು ಅವಳೇ. ಕಥೆ ಕೇಳುವಾಗ ನಿಂತುಕೊಳ್ಳಬಹುದು. ಗೇಟಿನ ಕಡೆ ಓಡುವುದು ಪೂರ್ತಿ ನಿಂತಿದೆ ಎನ್ನಲಾರೆ. ನಾನಂತೂ ಬಿಡುವುದಿಲ್ಲ. ಈ ಹುಡುಗಿ ಇದೇ ಶಾಲೆಯಲ್ಲಿ, ಇವರ ನಡುವೆಯೇ ಕಲಿಯುತ್ತಾಳೆ.

ಮಗಳು


೧೦ ಮಾರ್ಚ್

ಮಗಳೇ,

ಸೈಕಲ್ಲಿನವನು ಬಂದ. "ಬಂದದ್ದು ಖುಷಿ ಆಯ್ತು" ಅಂದೆ. ಅಷ್ಟೇ ಅಂದು ಬಾಯಿ ಮುಚ್ಚಿಕೊಂಡೆ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನುಂಗಿದೆ. ಇನ್ನೇನಾದರೂ ಬರಬಹುದೆಂದು ಅವನು ಕಾದ. ಬರದಿದ್ದಾಗ ಗಾಬರಿಯಾಗಿ, "ಮೈ ಹುಷಾರಿಲ್ವಾ?" ಅಂದ.

ಕರಡು ತಿದ್ದುವವನ ಕಣ್ಣು ಎಂಥದು ಗೊತ್ತಾ? ಪುಟದಲ್ಲಿ ಮುನ್ನೂರು ಪದ ಸರಿಯಿದ್ದರೆ ಅವು ಕಾಣುವುದಿಲ್ಲ. ತಪ್ಪಿದ್ದು ಮಾತ್ರ ಎದ್ದು ಬಂದು ನಿಲ್ಲುತ್ತದೆ. ಅದಕ್ಕೇ ನನಗೆ ಕೆಲಸ ಕೊಟ್ಟಿದ್ದರು, ಅದಕ್ಕೇ ಒಳ್ಳೆಯವನೆಂದು ಹೆಸರಿತ್ತು. ಈಗ ನೀನು ಆ ಕಣ್ಣು ತೆಗೆದಿಟ್ಟು ಬೇರೆಯದು ಹಾಕಿಕೋ ಎನ್ನುತ್ತೀಯ. ಕನ್ನಡಕದ ಅಂಗಡಿಯವಳಿಗೆ ಅದು ಸುಲಭದ ಮಾತು.

ಆದರೆ ಮೊನ್ನೆ ಒಂದು ಸಂಗತಿ ನಡೆಯಿತು. ಪಿಂಚಣಿ ಕಚೇರಿಗೆ ಹೋಗಿದ್ದೆ. ಗಾಜಿನ ಹಿಂದೆ ಕೂತ ಹುಡುಗಿ ಏನೋ ಹೇಳಿದಳು, ಕೇಳಲಿಲ್ಲ. ಮತ್ತೆ ಹೇಳಿದಳು. ಆಮೇಲೆ ಕೂಗಿದಳು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನವನು "ಮುದುಕನಿಗೆ ಕೊಬ್ಬು" ಅಂದ. ವಿಚಿತ್ರ ನೋಡು, ಅದು ಮಾತ್ರ ಕೇಳಿಸಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬೇಕಂತಲೇ ಅಲ್ಲಾಡದೆ ನಿಂತೆ. ಆಗ ಇನ್ನೊಬ್ಬಾಕೆ ಗಾಜಿನ ಹಿಂದಿನಿಂದ ಸುತ್ತು ಹಾಕಿ ಬಂದು, ನನ್ನ ತೋಳು ಮುಟ್ಟಿ, ಮುಖದ ಎದುರು ನಿಂತು, "ಇಲ್ಲಿ ಸಹಿ ಮಾಡಿ" ಅಂದಳು. ಕೇಳಿಸಿತು. ಮಾಡಿದೆ. ಅಷ್ಟಕ್ಕೇ ಮುಗಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ತಿಳಿಯಿತು. ನನ್ನ ಕಿವಿ ಮಂದವಾದ ಮೇಲೆ ಎಲ್ಲರೂ ದೂರದಿಂದಲೇ ಕೂಗುತ್ತಾರೆ, ಹತ್ತಿರ ಯಾರೂ ಬರುವುದಿಲ್ಲ. ಮಿಡತೆಯ ಕಿವಿ ಚೆನ್ನಾಗಿಯೇ ಇದೆ, ಆದರೆ ಅವಳಿಗೂ ಮಾತು ತಲುಪುವುದು ಹೀಗೇ ಇರಬೇಕು. ಆ ಗಾಜಿನ ಮುಂದೆ ಅವಳು ದಿನವಿಡೀ ನಿಂತಿರುತ್ತಾಳೆ. ನಾನು ಒಂದು ಗಳಿಗೆ ನಿಂತದ್ದಕ್ಕೇ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಒಂದು ಭಾನುವಾರ ಅವಳನ್ನು ಕರೆದುಕೊಂಡು ಬಾ.

ಅಪ್ಪ


೩ ಏಪ್ರಿಲ್

ಅಪ್ಪ,

ಭಾನುವಾರದ ಬಗ್ಗೆ ಬರೆಯಲು ಇಷ್ಟು ದಿನ ಬೇಕಾಯಿತು.

ಮೊದಲು ಚೆನ್ನಾಗಿದ್ದದ್ದು. ಅವಳು ಬರುವ ಮುಂಚೆಯೇ ನೀನು ಮೊಳೆಗಳ ಪೆಟ್ಟಿಗೆಯನ್ನು ಅಲಮಾರಿನ ಮೇಲೆ ಎತ್ತಿಟ್ಟಿದ್ದೆ. ಒಡೆಯುವಂಥದ್ದು ಏನೂ ಕೈಗೆ ಸಿಗುವಂತಿರಲಿಲ್ಲ. ಊಟಕ್ಕೆ ಕರೆಯಲು ನೀನೇ ಎದ್ದು ಅವಳ ಹತ್ತಿರ ಹೋದೆ. ನೆಲದ ಮೇಲೆ ಕೂತು ಅವಳ ಜೊತೆ ಆಡಿದೆ. ಕುರ್ಚಿಯನ್ನು ಅವಳು ಹಸು ಎಂದಳು, ನೀನು ಅದಕ್ಕೆ ಹುಲ್ಲು ಹಾಕಿದೆ. ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ. ಅಮ್ಮ ಇದ್ದಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಬಸ್ ನಿಲ್ದಾಣ. ಬಸ್ಸು ತಡವಾಗಿತ್ತು, ಅವಳು ನಿನ್ನ ಬೆರಳು ಹಿಡಿದು ಒಂದೇ ಕಾಲಲ್ಲಿ ಕುಂಟುತ್ತಾ ಕಾಯುತ್ತಿದ್ದಳು. ನೀನು ಖುಷಿಯಿಂದಲೇ ಹೇಳಿದೆ, ನನಗೆ ಗೊತ್ತು. "ಇವತ್ತಾದ್ರೂ ಗಲಾಟೆ ಮಾಡ್ಲಿಲ್ಲ ನೋಡು!" ಅವಳು ಕುಂಟುವುದನ್ನು ನಿಲ್ಲಿಸಿದಳು. ನಿನ್ನ ಮುಖ ನೋಡಿದಳು. ಬೆರಳು ಬಿಟ್ಟು, ಒಂದು ಶೂ ಬಿಚ್ಚಿ ರಸ್ತೆಗೆ ಎಸೆದಳು, ಅದರ ಹಿಂದೆ ತಾನೂ ಹೊರಟಳು. ನಾನು ಹಿಡಿಯುವುದು ಒಂದು ಕ್ಷಣ ತಡವಾಗಿದ್ದರೆ ಏನಾಗುತ್ತಿತ್ತೋ. ಆಗ ನೀನು ಕೂಗಿದ್ದು ಹಳೆಯ ಕೂಗೇ.

ಬಸ್ಸಿನಲ್ಲಿ ಅವಳು ಕೇಳಿದಳು: "ತಾತಂಗೆ ನಾನು ದಿನಾ ಗಲಾಟೆ ಹುಡ್ಗೀನಾ?"

ನಾನು ನಿನ್ನನ್ನು ಬೈಯುತ್ತಿಲ್ಲ. ಇದು ಕಾಗದದಲ್ಲಿ ಬರುವ ವಿದ್ಯೆಯಲ್ಲವೇನೋ ಎಂದು ಭಯವಾಗಿದೆ. ನಾದಿನಿ ಮತ್ತೆ ಫೋನ್ ಮಾಡಿದ್ದಳು. ನಾನು ಇನ್ನೂ ಏನೂ ಹೇಳಿಲ್ಲ. ಹೆರಿಗೆಗೆ ಹೆಚ್ಚು ದಿನ ಉಳಿದಿಲ್ಲ.

ಮಗಳು


೭ ಏಪ್ರಿಲ್

ಮಗಳೇ,

ನೀನು ಬರೆದದ್ದು ಅಕ್ಷರಶಃ ಸರಿ. ಕಾಗದದಲ್ಲಿ ಈಜು ಕಲಿಯಲಾಗುವುದಿಲ್ಲ.

ಆದ್ದರಿಂದ ನಾನೇ ಬರುತ್ತೇನೆ. ಮಿಡತೆ ಇಲ್ಲಿಗೆ ಬರುವುದು ಬೇಡ. ಅವಳ ಗೋಡೆಯ ಚಿತ್ರಗಳು, ಅವಳ ಶಾಲೆ, ಟೀಚರು ಎಲ್ಲ ಅಲ್ಲಿವೆ. ಹೆರಿಗೆಯ ತನಕ ನಿನ್ನ ಮನೆಯಲ್ಲಿರುತ್ತೇನೆ. ನಿನ್ನ ಜೊತೆ ಆ ಲೈಬ್ರರಿಯ ಮೇಲಿನ ಕೋಣೆಗೆ ಬಂದು ಆ ಪುಟ್ಟ ಕುರ್ಚಿಯ ಮೇಲೆ ಕೂರುತ್ತೇನೆ. ಮೇಡಮ್ಮಿಗೆ ಹೇಳು, ನನ್ನನ್ನು ಮುಂದೆಯೇ ಕೂರಿಸಲಿ, ನನ್ನ ಕಡೆ ಮುಖ ಮಾಡಿ ಒಂದು ಸಲಕ್ಕೆ ಒಂದೇ ಮಾತು ಹೇಳಲಿ. ಬೇಕರಿಯವನು ಮಗುವಾದರೆ ನಾನು ತಾಯಿಯಾಗುತ್ತೇನೆ. ಮಿಡತೆಯ ಜೊತೆ ತಪ್ಪು ಮಾಡಿದಾಗ ನೀನು ಪಕ್ಕದಲ್ಲೇ ಇರುತ್ತೀಯ, ಆಗಲೇ ತೋರಿಸು. ನನ್ನ ಕೆಂಪು ಪೆನ್ಸಿಲು ನಿನಗೆ ಕೊಡುತ್ತೇನೆ.

ಮೇ ಬರುವ ಹೊತ್ತಿಗೂ ನನ್ನಿಂದ ಆಗದಿದ್ದರೆ ನೀನು ಹೇಳಿದ ಹಾಗೆ ಕೇಳುತ್ತೇನೆ. ಬೇಡ ಎಂದು ಬರೆಯಬೇಡ, ಶುಕ್ರವಾರದ ಬಸ್ಸಿಗೆ ಟಿಕೆಟ್ಟು ತೆಗೆದಾಗಿದೆ.

ಅಪ್ಪ


೧೯ ಮೇ, ಹೆರಿಗೆ ವಾರ್ಡು

ಅಪ್ಪ,

ಇದನ್ನು ಪಕ್ಕದ ಮನೆಯ ಟೈಲರಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಹುಡುಗಿ. ತಲೆ ತುಂಬ ಕೂದಲು, ಮೂಗು ನಿನ್ನದು. ಇಬ್ಬರೂ ಚೆನ್ನಾಗಿದ್ದೇವೆ, ಆದರೆ ನನಗೆ ರಕ್ತ ಕಡಿಮೆಯೆಂದು ಇನ್ನೂ ಕೆಲವು ದಿನ ಬಿಡುವುದಿಲ್ಲವಂತೆ. ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ. ಕಿಟಕಿಯಿಂದ ಕಾಣುವುದು ಇನ್ನೊಂದು ಗೋಡೆ ಮಾತ್ರ.

ಟೈಲರಮ್ಮ "ಎಲ್ಲಾ ಚೆನ್ನಾಗಿದೆ" ಎನ್ನುತ್ತಾಳೆ. ಬಾಣಂತಿಗೆ ಎಲ್ಲರೂ ಹಾಗೇ ಹೇಳುತ್ತಾರೆ. ನಾನು ಮಲಗಿಕೊಂಡು ಮನೆಯನ್ನೇ ನೆನೆಯುತ್ತೇನೆ. ಬೆಳಗ್ಗೆ ಚಿತ್ರಗಳನ್ನು ನೋಡಿ ಹೊರಡುತ್ತಾಳಾ? ರಸ್ತೆಯಲ್ಲಿ ಕೈ ಹಿಡಿಯುತ್ತಾಳಾ? ಮಗು ಬಂದದ್ದಕ್ಕೆ ಅವಳನ್ನು ಬಿಟ್ಟುಬಿಟ್ಟೆನೆಂದು ತಿಳಿದಿದ್ದಾಳಾ? ನೀನು ತರಬೇತಿಯಲ್ಲಿ ಬೆವರು ಸುರಿಸಿ ಕಲಿತದ್ದನ್ನು ಕಂಡಿದ್ದೇನೆ, ಆದರೆ ಆಗ ನಾನು ಪಕ್ಕದಲ್ಲಿದ್ದೆ. ಈಗ ಇಲ್ಲ. ಹೇಗಿದ್ದೀರಿ ಎಂದು ನಿಜ ಬರೆ. ನನ್ನನ್ನು ಸಮಾಧಾನ ಮಾಡಲು ಬರೆಯಬೇಡ.

ಮಗಳು


೨೧ ಮೇ

ಮಗಳೇ,

ನಿಜ ಬರೆಯುತ್ತೇನೆ.

ಮೊದಲ ದಿನ ಕೆಟ್ಟದಾಗಿತ್ತು. ನೀನು ಹೋದ ಮೇಲೆ ಅವಳು ಬಾಗಿಲನ್ನು ಒದ್ದಳು, ನನ್ನನ್ನೂ ಒದ್ದಳು. ಮೇಡಂ ಹೇಳಿದ ಹಾಗೆ ನಾನು ಹತ್ತಿರದಲ್ಲೇ ಕೂತು, ಬಿರುಗಾಳಿ ಇಳಿಯುವ ತನಕ ಬಾಯಿ ಬಿಡಲಿಲ್ಲ. ಇಳಿಯಿತು. "ಅಮ್ಮ ಬೇಕು ಅನ್ನಿಸ್ತಿದೆ ನಿಂಗೆ" ಅಂದೆ. "ಹೂಂ" ಅಂದಳು. "ನಂಗೂ" ಅಂದೆ. ಆಮೇಲೆ ಇಬ್ಬರೂ ಬಿಸ್ಕತ್ತು ತಿಂದೆವು.

ಮರುದಿನ ಶಾಲೆಯ ಬೇಸಿಗೆ ಶಿಬಿರಕ್ಕೆ ಹೋಗುವಾಗ ಒಂದು ಸಲ ಕೈ ಬಿಡಿಸಿಕೊಂಡಳು. ರಸ್ತೆ ದಾಟುವ ಕಡೆಯೆಲ್ಲ ಹಿಡಿದಿದ್ದಳು. ಹಿಡಿದದ್ದನ್ನು ಹೇಳಿದೆ, ಬಿಡಿಸಿಕೊಂಡದ್ದನ್ನು ಹೇಳಲಿಲ್ಲ. ಚಿತ್ರಗಳನ್ನು ನೋಡುತ್ತಾಳೆ. ನಿನ್ನೆ ಹಲ್ಲುಜ್ಜುವ ಚಿತ್ರದ ಕೆಳಗೆ ಒಂದು ಮುದುಕನ ಚಿತ್ರ ಬರೆದು ಅಂಟಿಸಿದಳು. ನಾನು ಹಲ್ಲಿನ ಸೆಟ್ಟು ತೊಳೆಯುವುದಂತೆ. ಮುದುಕ ನೇರಳೆ ಬಣ್ಣದವನು. ಅವಳು ಹಾಗೆ ಕಂಡರೆ ನಾನು ನೇರಳೆಯೇ.

ಇವತ್ತು ಬೆಳಗಿನದು ಹೇಳಬೇಕು. ನಾನು ಕೋಣೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಅವಳು ತಾನೇ ಹಾಲು ಬಗ್ಗಿಸಿಕೊಳ್ಳಲು ಹೋಗಿ ಪಾತ್ರೆಯನ್ನೇ ಮಗುಚಿದಳು. ಒಲೆ ಆರಿತ್ತು, ಹಾಲು ತಣ್ಣಗಾಗಿತ್ತು, ಗಾಬರಿಯಾಗಬೇಡ. ಬಂದು ನೋಡುತ್ತೇನೆ, ಮೇಜಿನಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಹಾಲು ಹೊರಟಿದೆ. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಎರಡೂ ಕೈ ಕಿವಿಯ ಮೇಲೆ. ನನ್ನ ಕೂಗಿಗೆ ಮೊದಲೇ ಸಿದ್ಧವಾಗಿ ನಿಂತಿದ್ದಳು.

"ಎಷ್ಟು ಸಲ ಹೇಳ್ಬೇಕು" ಎನ್ನುವುದು ಹಲ್ಲಿನ ತನಕ ಬಂದಿತ್ತು. ಅಲ್ಲೇ ಕಚ್ಚಿ ಹಿಡಿದೆ. ಹತ್ತಿರ ಹೋದೆ, ಮೊಣಕಾಲೂರಿದೆ, ಅವಳ ಕೈ ಕಿವಿಯಿಂದ ಕೆಳಗಿಳಿಯುವ ತನಕ ಕಾದೆ. ಒಂದೇ ಮಾತು ಹೇಳಿದೆ: "ಬಟ್ಟೆ ತಗೊಂಡು ಬಾ."

ಓಡಿಹೋದಳು. ಓಡಿಬಂದಳು. ಕೈಯಲ್ಲಿ ನೀನು ಮನೆಗೆ ಬರುವ ದಿನ ತಾನು ಹಾಕಿಕೊಳ್ಳಬೇಕೆಂದು ಮಡಿಸಿಟ್ಟಿದ್ದ ಹಳದಿ ಫ್ರಾಕು. ನಾನು ಹೇಳಿದ್ದು ಬಟ್ಟೆ, ಅವಳು ತಂದದ್ದೂ ಬಟ್ಟೆಯೇ. ನಾನು 'ಒರೆಸೋ ಬಟ್ಟೆ' ಎನ್ನಬೇಕಿತ್ತು. ತಪ್ಪು ಕರಡಿನಲ್ಲಿರಲಿಲ್ಲ, ಮೂಲಪ್ರತಿಯಲ್ಲೇ ಇತ್ತು. ಬೇರೆಯದು ತಾ ಎನ್ನುವಷ್ಟರಲ್ಲಿ ಅವಳು ಹಾಲಿನ ನಡುವೆ ಕೂತು ಫ್ರಾಕಿನಿಂದ ಒರೆಸಲು ಶುರುಮಾಡಿದ್ದಳು, ಎಷ್ಟು ಶ್ರದ್ಧೆಯಿಂದ ಎಂದರೆ ನಾನು ತಡೆಯಲಿಲ್ಲ. "ಹೇಳಿದ ತಕ್ಷಣ ತಂದೆ, ಮೂಲೇನೂ ಬಿಡದೆ ಒರೆಸ್ತಿದೀಯ" ಅಂದೆ. ನಾನೂ ನನ್ನ ಟವೆಲು ತಂದು ಜೊತೆಗೆ ಕೂತೆ. ಫ್ರಾಕು ಈಗ ಹಗ್ಗದ ಮೇಲಿದೆ. ಕಲೆ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ನೆಲ ಒರೆಸಿ ಮುಗಿದ ಮೇಲೆ ಅವಳು ಎದ್ದು ಬಂದು ನನ್ನ ಎದುರು ನಿಂತಳು. ಹಾಲಿನ ಕೈಯಲ್ಲೇ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ನನ್ನ ಕಣ್ಣು ತನ್ನ ಕಣ್ಣಿಗೆ ಸೇರಿತೋ ಇಲ್ಲವೋ ನೋಡಿಕೊಂಡಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ತಾತ. ಹಾಲು ಚೆಲ್ದಾಗ ನೀನು ಕೂಗ್ಲಿಲ್ಲ. ಹತ್ರ ಬಂದೆ. ನಂಗೆ ಇಷ್ಟ ಆಯ್ತು."

ಅಷ್ಟೇ. ಮುಂದಿನ ಕ್ಷಣ ಅವಳು ಕೋಣೆಯಲ್ಲಿರಲಿಲ್ಲ. ನಾನು ಮಾತ್ರ ಒದ್ದೆ ನೆಲದ ಮೇಲೆ ಕೂತೇ ಇದ್ದೆ. ಇಷ್ಟು ವಯಸ್ಸಾಯಿತು, ನಾನು ಮಾಡಿದ ಸರಿಯೊಂದನ್ನು ಹೀಗೆ ಬೆರಳಿಟ್ಟು ತೋರಿಸಿ ಯಾರೂ ಹೇಳಿರಲಿಲ್ಲ, ಮಗಳೇ. ಅತ್ತುಬಿಟ್ಟೆ. ಅಷ್ಟರಲ್ಲಿ ಆಚೆ ಕೋಣೆಯಲ್ಲಿ ಏನೋ ಧಡಾರನೆ ಬಿತ್ತು, ನನ್ನ ಕಿವಿಗೂ ಕೇಳುವಷ್ಟು ಜೋರಾಗಿ. ಕಣ್ಣು ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ಅವಳ ಹತ್ತಿರ ಹೋದೆ.

ಅಪ್ಪ